ಮೊಸಳೆ ಇರ್ಲಿ, ನೀರು ಎಷ್ಟಿದೆ?

ಜನವರಿಯ ಒಂದು ಭಾನುವಾರ ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ವಿಷಯ ಹೇಳಿದೆ. ಮಾರ್ಚ್‌ನಲ್ಲಿ ನಾವೂ ಗೆಳತಿಯ ಮನೆಯವರೂ ಸೇರಿ ಕನೂ ತಗೊಂಡು ನದಿಯಲ್ಲಿ ಹೋಗ್ತೀವಿ, ಒಂದು ರಾತ್ರಿ ದಡದಲ್ಲೇ ಮಲಗ್ತೀವಿ ಅಂತ. ಕನೂ ಅಂದರೆ ಉದ್ದಕ್ಕೆ ಸಪೂರವಾಗಿರುವ ದೋಣಿ. ಮೋಟಾರ್ ಇರುವುದಿಲ್ಲ. ಹಿಂದೊಬ್ಬರು ಮುಂದೊಬ್ಬರು ಕೂತು ಹುಟ್ಟು ಹಾಕಬೇಕು.

"ಆ ನದೀಲಿ ಮೊಸಳೆ ಇದೆಯೇನೇ?" ಅಂದರು ಅಮ್ಮ.

ಇದೆ ಅಂದೆ. ಆ ಕಡೆಯಿಂದ ಮಾತೇ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಫೋನ್ ಅಪ್ಪನ ಕೈಗೆ ಹೋಯಿತು.

"ಮೊಸಳೆ ಇರ್ಲಿ ಕಣಮ್ಮ. ನೀರು ಎಷ್ಟಿದೆ?"

ನನಗೆ ಗೊತ್ತಿರಲಿಲ್ಲ. ಆಗಲೇ ಮೂರು ವಾರದಿಂದ ಓದುತ್ತಿದ್ದೆ. ಮೊಸಳೆಯ ಬಗ್ಗೆ ಕೇಳಿದ್ದಕ್ಕೆಲ್ಲ ಉತ್ತರ ಕೊಡಬಲ್ಲೆ ಅನ್ನುವಷ್ಟು ಓದಿದ್ದೆ. ನೀರು ಎಷ್ಟಿದೆ ಅಂತ ಮಾತ್ರ ನೋಡಿರಲಿಲ್ಲ.

ನಮ್ಮೂರು ಶ್ರೀರಂಗಪಟ್ಟಣದ ಪಕ್ಕ. ಮನೆಯಿಂದ ಕಾವೇರಿಗೆ ನಡೆದೇ ಹೋಗಬಹುದು. ರಂಗನತಿಟ್ಟಿನ ಬಂಡೆಗಳ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುವ ಮೊಸಳೆಗಳನ್ನು ನೋಡಿಕೊಂಡೇ ಬೆಳೆದವಳು ನಾನು. ಅಪ್ಪನಿಗೆ ನದಿ ಅಂದರೆ ಮೊದಲು ನೀರಿನ ಮಟ್ಟ. ಕೊಡಗಿನಲ್ಲಿ ಜೋರು ಮಳೆ ಅಂತ ಗೊತ್ತಾದರೆ ಸಾಕು, ಕೆಆರ್‌ಎಸ್ ಎಷ್ಟು ಅಡಿಗೆ ಬಂತು ಅಂತ ಬೆಳಗ್ಗೆ ಎದ್ದ ತಕ್ಷಣ ಪೇಪರ್ ತೆಗೆಯುತ್ತಾರೆ. ಪೂರ್ಣ ಮಟ್ಟ 124.80 ಅಡಿ ಅನ್ನುವುದು ನಮ್ಮ ಮನೆಯಲ್ಲಿ ಮಕ್ಕಳಿಗೂ ಗೊತ್ತು. ಅಣೆಕಟ್ಟೆಯಿಂದ ಜಾಸ್ತಿ ನೀರು ಬಿಟ್ಟರೆ ರಂಗನತಿಟ್ಟಿನಲ್ಲಿ ದೋಣಿ ನಿಲ್ಲಿಸುತ್ತಾರೆ. ಅದು ಮೊಸಳೆಗೆ ಹೆದರಿ ಅಲ್ಲ, ನೀರಿಗೆ ಹೆದರಿ.

ಈಗ ಇರುವುದು ಫ್ಲೋರಿಡಾದ ಜಾಕ್ಸನ್‌ವಿಲ್‌ನಲ್ಲಿ. ಇಲ್ಲಿರುವುದು ಅಲಿಗೇಟರ್. ನಮ್ಮ ಭಾಷೆಯಲ್ಲಿ ಎರಡಕ್ಕೂ ಮೊಸಳೆ ಅನ್ನುವ ಒಂದೇ ಹೆಸರು. ಹಾಗಾಗಿ ಅಮ್ಮನಿಗೆ ಇಲ್ಲಿಯದೂ ಅಲ್ಲಿಯದೂ ಒಂದೇ. ರಂಗನತಿಟ್ಟಿನ ಮೊಸಳೆ ಬಾಯಿ ಮುಚ್ಚಿದರೂ ಕೆಳದವಡೆಯ ನಾಲ್ಕನೇ ಹಲ್ಲು ಹೊರಗೆ ಕಾಣುತ್ತದೆ. ಅಲಿಗೇಟರ್ ಬಾಯಿ ಮುಚ್ಚಿದರೆ ಕೆಳಗಿನ ಹಲ್ಲುಗಳೆಲ್ಲ ಒಳಗೆ ಸೇರಿಬಿಡುತ್ತವೆ. ಬಣ್ಣವೂ ಬೇರೆ, ಇದು ಹೆಚ್ಚುಕಡಿಮೆ ಕಪ್ಪು. ಆದರೆ ಅಮ್ಮ ಕೇಳಿದ್ದು ಹಲ್ಲಿನ ಲೆಕ್ಕವನ್ನಲ್ಲ. ಹನ್ನೆರಡು ವರ್ಷದ ಮೊಮ್ಮಗಳನ್ನು ಅಲ್ಲಿಗೆ ಯಾಕೆ ಕರ್ಕೊಂಡು ಹೋಗ್ತಾ ಇದೀಯಾ ಅಂತ.

ಅದಕ್ಕೆ ನನ್ನ ಹತ್ತಿರ ಉತ್ತರ ಇತ್ತು. ಫ್ಲೋರಿಡಾದಲ್ಲಿ ಸುಮಾರು 13 ಲಕ್ಷ ಅಲಿಗೇಟರ್‌ಗಳಿವೆ. ರಾಜ್ಯದ 67 ಕೌಂಟಿಗಳಲ್ಲೂ ಇವೆ. ನಮ್ಮ ಬಡಾವಣೆಯ ಕೆರೆಯಲ್ಲೂ ಒಂದು ಚಿಕ್ಕದು ಬಂದಿತ್ತು. ಮಗಳು ಬೆಳೆಯುವುದು ಇದೇ ನೀರಿನ ನಡುವೆ. ದೂರದಿಂದ ಹೆದರುವುದಕ್ಕಿಂತ, ಎಲ್ಲಿ ಹೇಗೆ ಇರಬೇಕು ಅಂತ ಅವಳಿಗೆ ಗೊತ್ತಾಗಲಿ ಅನ್ನುವುದು ನನ್ನ ಆಸೆ. ನನಗೆ ಅದನ್ನು ಅಪ್ಪ ಕಲಿಸಿದ್ದರು.

ಮೊದಲು ನಮ್ಮ ತಲೆಯಲ್ಲಿದ್ದದ್ದು ಒಕೆಫೆನೋಕಿ. ನಮ್ಮ ಉತ್ತರಕ್ಕಿರುವ ಜಾರ್ಜಿಯಾ ರಾಜ್ಯದ ದಕ್ಷಿಣ ಅಂಚಿನಲ್ಲಿರುವ ದೊಡ್ಡ ಜೌಗು ಅದು. ಸಾವಿರಾರು ಅಲಿಗೇಟರ್‌ಗಳಿವೆ. ಕನೂ ಹೋಗಲಿಕ್ಕೆ ದಾರಿಗಳನ್ನು ಗುರುತು ಮಾಡಿದ್ದಾರೆ. ರಾತ್ರಿ ಮಲಗಲು ನೀರಿನ ಮೇಲೆ ಮರದ ಅಟ್ಟಣೆಗಳಿವೆ, ಪರವಾನಗಿ ತಗೊಂಡು ಹೋಗಬೇಕು. ಚಿತ್ರ ನೋಡಿದರೆ ಈಗಲೇ ಹೊರಡೋಣ ಅನ್ನಿಸುತ್ತದೆ. ಆದರೆ ಕೂತು ಯೋಚನೆ ಮಾಡಿದಾಗ ಬೇಡ ಅನ್ನಿಸಿತು. ಅಲ್ಲಿನ ದಾರಿಗಳು ಕೆಲವು ಕಡೆ ಬಹಳ ಇಕ್ಕಟ್ಟು. ಅಲಿಗೇಟರ್ ಪಕ್ಕದಲ್ಲೇ ಮಲಗಿದ್ದರೆ ಸುತ್ತಿಕೊಂಡು ಹೋಗಲು ಜಾಗ ಇರುವುದಿಲ್ಲ. ಸುಸ್ತಾದರೆ ಇಳಿದು ಕೂರೋಣ ಅಂದರೆ ಗಟ್ಟಿ ನೆಲ ಸಿಗುವುದು ಕಷ್ಟ. ನಮ್ಮ ಆರು ಜನರಲ್ಲಿ ಕನೂ ಹಿಡಿದು ಗೊತ್ತಿದ್ದದ್ದು ಇಬ್ಬರಿಗೆ. ಹೊಸಬರಿಗೆ ಅಗಲದ ನೀರು ಬೇಕು, ಹತ್ತಲು ದಡ ಬೇಕು.

ಆ ಜೌಗಿನಿಂದಲೇ ಹುಟ್ಟಿ ಹರಿಯುವ ನದಿ ಸುವಾನಿ. ಫ್ಲೋರಿಡಾವನ್ನು ದಾಟಿ ಮೆಕ್ಸಿಕೋ ಕೊಲ್ಲಿ ಸೇರುವಷ್ಟರಲ್ಲಿ ಸುಮಾರು 400 ಕಿಲೋಮೀಟರ್ ಹರಿಯುತ್ತದೆ. ಮೇಲಿನ ಭಾಗದಲ್ಲಿ ಎರಡೂ ಕಡೆ ಸುಣ್ಣಕಲ್ಲಿನ ದಡ, ತಿರುವಿನಲ್ಲೆಲ್ಲ ಬಿಳಿ ಮರಳು. ವೈಟ್ ಸ್ಪ್ರಿಂಗ್ಸ್ ಅನ್ನುವ ಪುಟ್ಟ ಊರು ನಮ್ಮ ಮನೆಯಿಂದ ಒಂದೂಕಾಲು ಗಂಟೆ ದಾರಿ. ಅಲ್ಲಿಂದ ಕೆಳಗೆ ಕನೂ ಹೋಗುವವರಿಗೆ ಅಂತಲೇ ರಾಜ್ಯದವರು ನದಿಯ ಪಕ್ಕ ಬಿಡಾರಗಳನ್ನು ಕಟ್ಟಿಸಿದ್ದಾರೆ. ಸುತ್ತ ಸೊಳ್ಳೆಪರದೆ ಹೊದಿಸಿದ ಮರದ ಜಗಲಿ, ಕರೆಂಟು, ಸ್ನಾನಕ್ಕೆ ಬಿಸಿನೀರು. ಮೊದಲ ಬಿಡಾರದ ಹೆಸರು ವುಡ್ಸ್ ಫೆರ್ರಿ. ಮಕ್ಕಳನ್ನು ಕರ್ಕೊಂಡು ಮೊದಲ ಸಲ ಹೋಗುವವರಿಗೆ ಇದಕ್ಕಿಂತ ಇನ್ನೇನು ಬೇಕು?

ವೈಟ್ ಸ್ಪ್ರಿಂಗ್ಸ್‌ಗಿಂತ ಮೇಲಿನಿಂದ ಹೊರಟರೆ ಬಿಗ್ ಶೋಲ್ಸ್ ಸಿಗುತ್ತದೆ. ಇಡೀ ಫ್ಲೋರಿಡಾದಲ್ಲಿ ಅದಕ್ಕಿಂತ ದೊಡ್ಡ ರಭಸದ ನೀರು ಇನ್ನೊಂದಿಲ್ಲ. ದೋಣಿಯಿಂದ ಇಳಿದು, ಅದನ್ನು ದಡದ ಮೇಲೆ ಹೊತ್ತುಕೊಂಡು ದಾಟಬೇಕು. ನಮ್ಮವರಿಗೆ ಅದನ್ನು ನೋಡುವ ಆಸೆ ಇತ್ತು. ನಾನು ಬೇಡ ಅಂದೆ. ಅದಕ್ಕಿಂತ ಕೆಳಗೇ ಶುರು ಮಾಡೋಣ ಅಂತ ತೀರ್ಮಾನ ಆಯಿತು.

ಇನ್ನು ದೂರ. ನಕ್ಷೆಯ ಮೇಲೆ ಬೆರಳಿಟ್ಟು ನೋಡಿದಾಗ ಸುವಾನಿ ರಿವರ್ ಸ್ಟೇಟ್ ಪಾರ್ಕ್‌ವರೆಗೂ ಹೋಗೋಣ ಅನ್ನಿಸಿತ್ತು. ಅದು 40 ಮೈಲಿಗೂ ಜಾಸ್ತಿ. ಹೊಸಬರು, ಮಕ್ಕಳು, ನಡುವೆ ಊಟ, ಅಲ್ಲಲ್ಲಿ ನಿಲ್ಲುವುದು ಎಲ್ಲ ಸೇರಿದರೆ ಗಂಟೆಗೆ ಎರಡು ಮೈಲಿ ಸಾಗಿದರೆ ಹೆಚ್ಚು. ದಿನಕ್ಕೆ ಐದಾರು ಗಂಟೆ ಹುಟ್ಟು ಹಾಕಿದರೆ ಹತ್ತು ಹನ್ನೆರಡು ಮೈಲಿ, ಅಷ್ಟೇ. ಅದಕ್ಕಿಂತ ಮುಂಚೆಯೇ ದಡದಲ್ಲಿ ಸಿಗುವ ಗಂಧಕದ ಬುಗ್ಗೆ ಸುವಾನಿ ಸ್ಪ್ರಿಂಗ್ಸ್. ಅಲ್ಲೇ ದಡ ಹತ್ತುವುದು ಅಂತ ಗೆರೆ ಎಳೆದೆವು. ಒಟ್ಟು 20 ಮೈಲಿಯ ಆಸುಪಾಸು, ನಡುವೆ ಒಂದು ರಾತ್ರಿ. ಅರ್ಧಕ್ಕೆ ಅರ್ಧ ಕಡಿಮೆ ಆಯಿತು ಅಂತ ಮಗಳಿಗೆ ಬೇಜಾರು. ಆದರೆ ಈ ದೂರ ಅಲಿಗೇಟರ್‌ಗೂ ಸಂಬಂಧಪಟ್ಟದ್ದು. ಅವು ಹೆಚ್ಚು ಚುರುಕಾಗಿರುವುದು ಮುಸ್ಸಂಜೆಯಿಂದ ಬೆಳಕು ಹರಿಯುವವರೆಗೆ. ಆ ಹೊತ್ತಿನಲ್ಲಿ ನಾವು ನೀರಿನ ಮೇಲೂ ಇರಬಾರದು, ನೀರಿನ ಅಂಚಿನಲ್ಲೂ ಇರಬಾರದು. ಸಂಜೆ ನಾಲ್ಕಕ್ಕೆ ಬಿಡಾರ ಸೇರಬೇಕು ಅಂದರೆ ದೂರ ಕಡಿಮೆ ಇರಲೇಬೇಕು.

ತಿಂಗಳು ಆರಿಸಿದ್ದೂ ಹೀಗೇ. ಗೆಳತಿಗೆ ಮೇ ಕೊನೆಗೆ ಹೋಗುವ ಆಸೆ, ಶಾಲೆಗೆ ರಜ ಅಂತ. ಆದರೆ ಏಪ್ರಿಲ್ ಶುರುವಿನಲ್ಲಿ ಅಲಿಗೇಟರ್‌ಗಳು ಜೊತೆ ಹುಡುಕಲು ತೊಡಗುತ್ತವೆ. ಮೇ, ಜೂನ್ ಅಂದರೆ ಕೂಡುವ ಕಾಲ. ಗಂಡುಗಳು ಅಲೆದಾಡುತ್ತವೆ, ಇನ್ನೊಂದನ್ನು ಕಂಡರೆ ಕಾಲು ಕೆರೆಯುತ್ತವೆ. ಜೂನ್ ಕೊನೆಗೆ ಹೆಣ್ಣು ಮೊಟ್ಟೆ ಇಟ್ಟು ಗೂಡು ಕಾಯುತ್ತದೆ. ಬಿಸಿ ಏರಿದಷ್ಟೂ ಅವುಗಳ ಹಸಿವು ಏರುತ್ತದೆ. 28ರಿಂದ 33 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅವು ತುಂಬಾ ಚುರುಕು. 21 ಡಿಗ್ರಿಗಿಂತ ಕೆಳಗೆ ಇಳಿದರೆ ತಿನ್ನುವುದನ್ನೇ ಹೆಚ್ಚುಕಡಿಮೆ ಬಿಡುತ್ತವೆ. 13ಕ್ಕಿಂತ ಕೆಳಗೆ ಹೋದರೆ ಮಂಕಾಗಿ ಬಿದ್ದಿರುತ್ತವೆ. ಬೇಸಿಗೆಯಲ್ಲಿ ಈ ನದಿಗೆ ಇನ್ನೊಂದು ಅತಿಥಿ ಬೇರೆ. ಸ್ಟರ್ಜನ್ ಅನ್ನುವ ಮೀನು. ಆಳೆತ್ತರಕ್ಕಿಂತ ಉದ್ದ ಬೆಳೆಯುತ್ತದೆ, ಮೈಮೇಲೆ ಗಟ್ಟಿ ಎಲುಬಿನ ಫಲಕ. ಇದ್ದಕ್ಕಿದ್ದ ಹಾಗೆ ನೀರಿನಿಂದ ಮೇಲಕ್ಕೆ ಹಾರುತ್ತದೆ. ಅದು ಬಡಿದು ದೋಣಿಯಲ್ಲಿದ್ದವರಿಗೆ ಏಟಾದ ಘಟನೆಗಳು ಸುವಾನಿಯಲ್ಲಿ ಆಗಿವೆ. ಅದನ್ನು ಓದಿದ ಮೇಲೆ ಮೇ ತಿಂಗಳ ಮಾತನ್ನು ಗೆಳತಿಯೇ ಕೈಬಿಟ್ಟಳು.

ಹಾಗಂತ ಚಳಿ ಜೋರಾಗಿರುವಾಗ ಹೋದರೆ ನಮಗೇ ಅಪಾಯ. ದೋಣಿ ಮಗುಚಿದರೆ ತಣ್ಣೀರಿನಲ್ಲಿ ಉಸಿರು ಕಟ್ಟುತ್ತದೆ, ಕೈಕಾಲು ಬೇಗ ಮರಗಟ್ಟುತ್ತವೆ. ಮಾರ್ಚ್ ಎರಡಕ್ಕೂ ನಡುವಿನ ತಿಂಗಳು. ಬಿಸಿಲು ಹಿತ, ಸೊಳ್ಳೆ ಕಡಿಮೆ, ನೀರು ಇನ್ನೂ ತಂಪು. ಈ ಕಾಲದಲ್ಲಿ ಅಲಿಗೇಟರ್‌ಗಳು ಮೈ ಬಿಸಿ ಮಾಡಿಕೊಳ್ಳಲು ದಡಕ್ಕೆ ಬರುತ್ತವೆ, ಹಾಗಾಗಿ ಕಣ್ಣಿಗೂ ಚೆನ್ನಾಗಿ ಬೀಳುತ್ತವೆ. ಕಂಡ ಮೊಸಳೆಗಿಂತ ಕಾಣದ ಮೊಸಳೆಗೇ ನಾನು ಹೆಚ್ಚು ಹೆದರುವುದು.

ಎಲ್ಲಕ್ಕಿಂತ ಕಷ್ಟ ಆದದ್ದು ನಾಯಿಯ ವಿಷಯ. ಗೆಳತಿಯ ಮನೆಯಲ್ಲಿ ಒಂದು ಲ್ಯಾಬ್ರಡಾರ್ ಇದೆ. ಮನೆಮಗ ಇದ್ದ ಹಾಗೆ. ಎಲ್ಲಿ ಹೋದರೂ ಜೊತೆಗೆ ಕರ್ಕೊಂಡೇ ಹೋಗುತ್ತಾರೆ. ಈ ಸಲವೂ ಅದಕ್ಕೊಂದು ಪುಟ್ಟ ಲೈಫ್ ಜಾಕೆಟ್ ತಂದಿಟ್ಟಿದ್ದರು. ನಾನು ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ, ಹೇಗೆ ಹೇಳೋದು ಅಂತ. ನಾಯಿಯ ಗಾತ್ರ ಅಲಿಗೇಟರ್ ಹಿಡಿಯುವ ಬೇಟೆಯ ಗಾತ್ರದ್ದೇ. ನೀರಿನ ಅಂಚಿನಲ್ಲಿ ಓಡಾಡುತ್ತದೆ, ನೀರು ಕುಡಿಯಲು ತಲೆ ಬಗ್ಗಿಸುತ್ತದೆ, ಏನಾದರೂ ಕಂಡರೆ ಜಿಗಿಯುತ್ತದೆ. ಅದು ಜಿಗಿದರೆ ಗೆಳತಿಯ ಮಗನೂ ಹಿಂದೆಯೇ ಜಿಗಿಯುತ್ತಾನೆ. ಅದನ್ನು ನೆನೆಸಿಕೊಂಡರೆ ಎದೆ ಝಲ್ ಅನ್ನುತ್ತಿತ್ತು.

ಕೊನೆಗೆ ಅವಳ ಅಡುಗೆಮನೆಯಲ್ಲೇ ನಿಂತು ಹೇಳಿದೆ. "ನೋಡು, ನಾಯಿ ಬಂದ್ರೆ ನಾನು ಬರಲ್ಲ ಕಣೇ. ನಿನ್ನ ಮಗನ ಮೇಲೆ ಕಣ್ಣಿಡಬೇಕೋ ನಾಯಿ ಮೇಲೋ ಅಂತ ಯೋಚನೆ ಮಾಡೋ ಹೊತ್ತಲ್ಲ ಅದು." ಅವಳ ಕಣ್ಣು ತುಂಬಿಕೊಂಡಿತು. ಮೂರು ದಿನ ಮೆಸೇಜ್ ಮಾಡಲಿಲ್ಲ. ನಾಲ್ಕನೇ ದಿನ ಅವಳೇ ಫೋನ್ ಮಾಡಿ, ನಾಯಿಯನ್ನು ಅತ್ತಿಗೆ ಮನೆಯಲ್ಲಿ ಬಿಡ್ತೀವಿ ಅಂದಳು. ಆವತ್ತು ನನಗಾದ ನೆಮ್ಮದಿ ಅಷ್ಟಿಷ್ಟಲ್ಲ.

ಇಷ್ಟೆಲ್ಲ ಆದರೂ ಅಪ್ಪನ ಪ್ರಶ್ನೆ ಹಾಗೇ ಇತ್ತು. ಅಮೆರಿಕದ ಭೂಗರ್ಭ ಸರ್ವೇಕ್ಷಣೆಯವರು ವೈಟ್ ಸ್ಪ್ರಿಂಗ್ಸ್‌ನಲ್ಲಿ ನದಿಯ ಮಟ್ಟ ಅಳೆಯುವ ಮಾಪಕ ಇಟ್ಟಿದ್ದಾರೆ. ಅಂಕಿ ಆಗಿಂದಾಗ್ಗೆ ಬದಲಾಗುತ್ತಾ ಇರುತ್ತದೆ, ಮೊಬೈಲ್‌ನಲ್ಲೇ ನೋಡಬಹುದು. ಮೊದಲ ಸಲ ನೋಡಿದಾಗ 53 ಅಡಿ ಅಂತ ಇತ್ತು. ಗಾಬರಿ ಆಯಿತು. 53 ಅಡಿ ಆಳವೇ? ಅಲ್ಲ, ಅದು ಸಮುದ್ರಮಟ್ಟದಿಂದ ಅಳೆದ ಎತ್ತರ. ನದಿಯ ತಳವೇ ಸಮುದ್ರಮಟ್ಟಕ್ಕಿಂತ ಎಷ್ಟೋ ಮೇಲಿದೆ. ಆ ಮಟ್ಟದಲ್ಲಿ ಎಷ್ಟೋ ಕಡೆ ನಿಂತರೆ ಸೊಂಟದವರೆಗೂ ನೀರಿರುವುದಿಲ್ಲ. ಬಿಗ್ ಶೋಲ್ಸ್‌ಗೂ ಇದೇ ಲೆಕ್ಕ. 59ರಿಂದ 61 ಅಡಿ ಇದ್ದಾಗ ಅದನ್ನು ಮೂರನೇ ದರ್ಜೆಯ ರಭಸ ಅಂತ ಗುರುತಿಸುತ್ತಾರೆ, ಒಟ್ಟು ಆರು ದರ್ಜೆಗಳಲ್ಲಿ. ಕೆಆರ್‌ಎಸ್‌ನ 124 ಅಡಿ ಒಂದು ರೀತಿಯ ಅಂಕಿ, ಇದು ಇನ್ನೊಂದು ರೀತಿಯದು. ಒಂದೊಂದು ನದಿಯ ಅಂಕಿಗೂ ಅದರದ್ದೇ ಅರ್ಥ ಇರುತ್ತದೆ.

ಅವತ್ತಿನಿಂದ ಬೆಳಗ್ಗೆ ಕಾಫಿ ಜೊತೆ ಅದೊಂದು ಅಭ್ಯಾಸ ಆಯಿತು. ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ದಿನಾ ಅಂಕಿ ಬರೆಯತೊಡಗಿದೆ. ಹಾಲಿನ ಲೆಕ್ಕ ಬರೆದ ಹಾಗೆ. 53, 53, 52.8. ಮಗಳೂ ಸೇರಿಕೊಂಡಳು. ದೋಣಿ ಬಾಡಿಗೆಗೆ ಕೊಡುವವರಿಗೆ ಫೋನ್ ಮಾಡಿ ಕೇಳಿದೆವು. ಇಷ್ಟಿದ್ದರೆ ತೊಂದರೆ ಇಲ್ಲ, ತೀರಾ ಇಳಿದರೆ ಬಂಡೆ ಮೇಲೆ ದೋಣಿ ಎಳೀಬೇಕಾಗುತ್ತೆ, ತೀರಾ ಏರಿದರೆ ನಾವೇ ಕಳಿಸಲ್ಲ ಅಂದರು. ಏರಿದರೆ ಮರಳದಂಡೆಗಳು ಮುಳುಗುತ್ತವೆ, ನಿಲ್ಲಲು ಜಾಗ ಇರುವುದಿಲ್ಲ. ನೀರು ದೋಣಿಯನ್ನು ದಡದ ಮರಗಳೊಳಗೆ ಎಳೆದುಕೊಂಡು ಹೋಗುತ್ತದೆ. ಬಿದ್ದ ಮರದ ಕೊಂಬೆಗಳ ಮಧ್ಯೆ ನೀರು ಸೋಸಿಕೊಂಡು ಹೋಗುತ್ತದೆ, ಮನುಷ್ಯ ಹೋಗಲಾರ. ಅಲ್ಲೇ ಸಿಕ್ಕಿಕೊಳ್ಳುತ್ತಾನೆ. 2024ರ ಸೆಪ್ಟೆಂಬರ್‌ನಲ್ಲಿ ಹೆಲೆನ್ ಚಂಡಮಾರುತ ಈ ಭಾಗದಲ್ಲೇ ಹಾದುಹೋಗಿ ಬೇಕಾದಷ್ಟು ಮರ ಉರುಳಿಸಿತ್ತು. ನದಿಗೆ ಬಿದ್ದ ಮರ ಅಷ್ಟು ಬೇಗ ಎಲ್ಲೂ ಹೋಗುವುದಿಲ್ಲ.

ಫೆಬ್ರವರಿ ಕೊನೆಯ ವಾರ. ಮಾರ್ಚ್ ಮೊದಲ ಶನಿವಾರಕ್ಕೆ ಎಲ್ಲ ಸಿದ್ಧವಾಗಿತ್ತು. ಬಿಡಾರ ಕಾದಿರಿಸಿಯಾಗಿತ್ತು. ಜಾಕ್ಸನ್‌ವಿಲ್‌ನಲ್ಲಿ ಬಿಸಿಲೋ ಬಿಸಿಲು. ಭಾನುವಾರ ಬೆಳಗ್ಗೆ ನೋಡಿದರೆ 55. ಸೋಮವಾರ 57. ಮಂಗಳವಾರ 60. ನಮ್ಮಲ್ಲಿ ಒಂದು ಹನಿ ಮಳೆ ಇಲ್ಲ! ಮಾಪಕ ಕೆಟ್ಟಿರಬೇಕು ಅಂದರು ನಮ್ಮವರು. ನಾನು ಅಪ್ಪನಿಗೆ ಫೋನ್ ಮಾಡಿದೆ.

"ಮೇಲೆ ಎಲ್ಲೋ ಮಳೆ ಆಗಿದೆ ನೋಡು," ಅಂದರು ಅಪ್ಪ. "ನಮ್ಮೂರಲ್ಲಿ ಬಿಸ್ಲು ಇದ್ರೂ ಕೊಡಗಲ್ಲಿ ಹೊಯ್ದ್ರೆ ಹೊಳೆ ಬರಲ್ವಾ? ಹಾಗೇ."

ಹೌದು. ಹಿಂದಿನ ವಾರ ದಕ್ಷಿಣ ಜಾರ್ಜಿಯಾದಲ್ಲಿ ಮೂರು ದಿನ ಬಿಡದೆ ಮಳೆ ಸುರಿದಿತ್ತು. ಆ ನೀರು ಜೌಗು, ಹಳ್ಳ ತುಂಬಿಕೊಂಡು ನಿಧಾನಕ್ಕೆ ನಮ್ಮ ಕಡೆ ಬರುತ್ತಿತ್ತು. ನಾನು ಇಷ್ಟು ದಿನ ನೋಡುತ್ತಿದ್ದದ್ದು ನಾವು ಹೋಗುವ ಜಾಗದ ಹವಾಮಾನ. ನೋಡಬೇಕಾದದ್ದು ನದಿ ಹುಟ್ಟುವ ಕಡೆಯದು. ಕಾವೇರಿ ದಡದಲ್ಲಿ ಬೆಳೆದು ಇದು ಹೊಳೆಯಲಿಲ್ಲವಲ್ಲ ಅಂತ ತುಂಬಾ ನೋವಾಯಿತು. ಗುರುವಾರ 64 ದಾಟಿತು. ಪ್ರವಾಸ ರದ್ದು ಮಾಡಿದೆವು. ಮಗಳು ಕೋಣೆ ಬಾಗಿಲು ಹಾಕಿಕೊಂಡಳು. ಗೆಳತಿಯ ಗಂಡ, ನೀರು ಜಾಸ್ತಿ ಇದ್ದರೆ ಬೇಗ ಹೋಗಬಹುದಲ್ವಾ ಅಂದರು. ಬೇಗ ಹೋಗುವುದೇ ತೊಂದರೆ ಅಂತ ಬಿಡಿಸಿ ಹೇಳಿದೆ. ದೋಣಿಯವರೂ ಅದನ್ನೇ ಹೇಳಿದರು, ದಿನಾಂಕ ಮುಂದಕ್ಕೆ ಹಾಕಿಕೊಟ್ಟರು.

ಆ ಮೂರು ವಾರ ಸುಮ್ಮನೆ ಕೂರಲಿಲ್ಲ. ಒಂದು ಶನಿವಾರ ಎಲ್ಲರೂ ಕನೂ ಕಲಿಸುವವರ ಹತ್ತಿರ ಹೋದೆವು, ಬೇಕಂತಲೇ ದೋಣಿ ಮಗುಚಿ ಅಭ್ಯಾಸ ಮಾಡಲು. ತಳ ಕಾಣುವಷ್ಟು ತಿಳಿಯಾದ ಬುಗ್ಗೆಯ ನೀರು. ವರ್ಷವಿಡೀ 22 ಡಿಗ್ರಿಯ ಆಸುಪಾಸು ಇರುತ್ತದೆ. ಮಗುಚಿದ ತಕ್ಷಣ ದೋಣಿ ಹಿಡಿದುಕೊಳ್ಳಬೇಕು, ಹುಟ್ಟು ಬಿಡಬಾರದು, ದೋಣಿಗಿಂತ ಮೇಲೆ, ನೀರು ಹರಿದು ಬರುವ ಕಡೆಗೆ ಇರಬೇಕು. ಕೆಳಗಿನ ಕಡೆ ಇದ್ದರೆ ನೀರು ತುಂಬಿದ ದೋಣಿ ನಮ್ಮನ್ನು ಮರಕ್ಕೋ ಬಂಡೆಗೋ ಒತ್ತಿಬಿಡುತ್ತದೆ. ಮಗಳು ಮೊದಲ ಸಲ ಬಿದ್ದಾಗ ಎರಡು ಕೈಯಲ್ಲೂ ನನ್ನ ಜಾಕೆಟ್ ಹಿಡಿದುಕೊಂಡಳು. ನಾಲ್ಕನೇ ಸಲಕ್ಕೆ ಒಂದು ಕೈಯಲ್ಲಿ ದೋಣಿ, ಇನ್ನೊಂದರಲ್ಲಿ ಹುಟ್ಟು. "ಅಮ್ಮ, ನೀನು ಹುಟ್ಟು ಬಿಟ್ಟುಬಿಟ್ಟೆ ನೋಡು" ಅಂತ ನನಗೇ ಹೇಳಿದಳು.

ಇಲ್ಲಿನ ಕಾನೂನಿನ ಪ್ರಕಾರ ದೋಣಿಯಲ್ಲಿ ಪ್ರತಿಯೊಬ್ಬರಿಗೂ ಒಂದು ಲೈಫ್ ಜಾಕೆಟ್ ಇರಬೇಕು. ಚಿಕ್ಕ ದೋಣಿಯಲ್ಲಿ ಆರು ವರ್ಷಕ್ಕಿಂತ ಚಿಕ್ಕ ಮಕ್ಕಳು ಹಾಕಿಕೊಂಡೇ ಇರಬೇಕು. ನಾವು ಆರೂ ಜನ ಹಾಕಿಕೊಂಡೇ ಇರುವುದು ಅಂತ ಮಾಡಿದೆವು. ಪ್ರತಿ ಜಾಕೆಟ್‌ಗೂ ಒಂದು ಸೀಟಿ ಕಟ್ಟಿದೆ. ದೋಣಿಗೊಂದರಂತೆ ಹೆಚ್ಚುವರಿ ಹುಟ್ಟು. ಬಟ್ಟೆ, ಹಾಸಿಗೆ ಎಲ್ಲ ನೀರು ಹೋಗದ ಚೀಲಗಳಲ್ಲಿ.

ಅಡುಗೆ ನನ್ನ ಪಾಲಿಗೆ ಬಂತು. ಚಪಾತಿ, ಚಟ್ನಿಪುಡಿ, ಪುಳಿಯೋಗರೆ, ಒಂದು ಡಬ್ಬಿ ಹುರಿಹಿಟ್ಟು, ಬೆಳಗ್ಗೆಗೆ ಒಗ್ಗರಣೆ ಅವಲಕ್ಕಿ. ಮಾಂಸ, ಮೀನು ಬೇಡ ಅಂದೆ. ಮೀನು ಹಿಡಿದು ಹೆಚ್ಚಿ ಉಳಿದದ್ದನ್ನು ನೀರಿಗೆ ಎಸೆಯುವ ಜಾಗಗಳಲ್ಲೇ ಅಲಿಗೇಟರ್‌ಗಳು ಮನುಷ್ಯರ ಹತ್ತಿರ ಬರಲು ಕಲಿಯುವುದು. ಇಲ್ಲಿ ಅವಕ್ಕೆ ತಿನ್ನಲು ಹಾಕುವುದು ಅಪರಾಧ. ಒಂದು ಸಲ ಮನುಷ್ಯ ಅಂದರೆ ಊಟ ಅಂತ ಕಲಿತ ಅಲಿಗೇಟರ್ ಹೆದರಿಕೆ ಬಿಡುತ್ತದೆ. ಆಮೇಲೆ ಅದನ್ನು ಹಿಡಿಯಲು ಜನ ಬರುತ್ತಾರೆ, ಹಿಡಿದದ್ದನ್ನು ಸಾಮಾನ್ಯವಾಗಿ ಬೇರೆ ಕಡೆ ಬಿಡುವುದಿಲ್ಲ, ಕೊಲ್ಲುತ್ತಾರೆ. ಒಂದು ಚೂರು ಬ್ರೆಡ್ ಎಸೆದವರಿಗೆ ಇದು ಗೊತ್ತಿರುವುದಿಲ್ಲ. ಇದನ್ನು ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ಹೇಳಿದೆ. ಚಪಾತಿಯ ಚೂರೂ ನೀರಿಗೆ ಬೀಳಬಾರದು, ಪಾತ್ರೆ ನದಿಯಲ್ಲಿ ತೊಳೆಯಬಾರದು. ಆದರೆ ರಾತ್ರಿ ಊಟದ ಡಬ್ಬಿಗೆ ಕನ್ನ ಹಾಕುವುದು ಅಲಿಗೇಟರ್ ಅಲ್ಲ, ರಕೂನ್ ಅನ್ನುವ ಚಿಕ್ಕ ಕಾಡುಪ್ರಾಣಿ. ಅದಕ್ಕೆ ಬೀಗದ ಪೆಟ್ಟಿಗೆ.

ಉಳಿದ ನಿಯಮಗಳನ್ನು ಮಗಳು ಒಂದು ರಟ್ಟಿನ ಮೇಲೆ ಬರೆದಳು. ಕೈ ನೀರಿನಲ್ಲಿ ಇಳಿಬಿಟ್ಟು ಕೂರಬಾರದು. ಮರಳಿನ ಮೇಲೆ ಇಳಿಯುವ ಮುಂಚೆ ದೊಡ್ಡವರು ಒಮ್ಮೆ ನೋಡಬೇಕು. ಎರಡು ಸಾಲು ಹೆಜ್ಜೆ, ನಡುವೆ ಬಾಲ ಎಳೆದ ಗೆರೆ ಕಂಡರೆ ಅಲ್ಲಿ ಇಳಿಯುವಂತಿಲ್ಲ. ಮರಿಗಳ ಚಿಂಯ್ ಚಿಂಯ್ ಸದ್ದು ಕೇಳಿದರೆ ತಾಯಿ ಪಕ್ಕದಲ್ಲೇ ಇದೆ ಅಂತ ಲೆಕ್ಕ. ಅದು ಬುಸ್ ಅಂದರೆ ನಾವು ಜಾಸ್ತಿ ಹತ್ತಿರ ಬಂದೆವು ಅಂತ, ಹಿಂದಕ್ಕೆ ಹೋಗಬೇಕು. ನೆಲದ ಮೇಲೆ ಅಟ್ಟಿಸಿಕೊಂಡು ಬಂದರೆ ನೇರ ಓಡಬೇಕು. ಹಾವಿನ ಹಾಗೆ ಅಂಕುಡೊಂಕು ಓಡಬೇಕು ಅನ್ನುವುದು ಸುಳ್ಳು. ಹಿಡಿದೇಬಿಟ್ಟರೆ? ಮಗಳು ಅದನ್ನೂ ಕೇಳಿದಳು. ಸುಮ್ಮನಿರಬಾರದು, ಕಣ್ಣಿಗೆ, ಮೂತಿಗೆ ಗುದ್ದಬೇಕು, ಬಿಡುವವರೆಗೂ ಹೊಡೆದಾಡಬೇಕು. ಅದನ್ನು ಮಗಳಿಗೆ ಹೇಳುವಾಗ ನನ್ನ ಧ್ವನಿ ಸ್ವಲ್ಪ ನಡುಗಿತು. ಫ್ಲೋರಿಡಾದಲ್ಲಿ ವಾಸವಾಗಿರುವವರಿಗೆ ಅಲಿಗೇಟರ್ ತಾನಾಗಿ ಮೇಲೆ ಬಿದ್ದು ತೀವ್ರ ಗಾಯ ಮಾಡುವ ಸಾಧ್ಯತೆ 31 ಲಕ್ಷದಲ್ಲಿ ಒಂದು ಅಂತ ಇಲ್ಲಿನ ವನ್ಯಜೀವಿ ಆಯೋಗ ಹೇಳುತ್ತದೆ. ಆ ಅಂಕಿ ನನಗೆ ಬಾಯಿಪಾಠ. ಆದರೂ ಹೇಳಬೇಕಾದದ್ದನ್ನು ಹೇಳಬೇಕು.

ಹೊರಡುವ ಮುಂಚೆ ಒಂದು ಹಾಳೆಯಲ್ಲಿ ಎಲ್ಲ ಬರೆದು ಪಕ್ಕದ ಮನೆಯವರಿಗೆ ಕೊಟ್ಟೆ. ಯಾರು ಯಾರು ಹೋಗುತ್ತಿದ್ದೇವೆ, ದೋಣಿಯ ಬಣ್ಣ, ಎಲ್ಲಿ ನೀರಿಗಿಳಿಯುತ್ತೇವೆ, ಎಲ್ಲಿ ಮಲಗುತ್ತೇವೆ, ಎಲ್ಲಿ ದಡ ಹತ್ತುತ್ತೇವೆ. ಭಾನುವಾರ ಸಂಜೆ ಆರರೊಳಗೆ ನನ್ನ ಫೋನ್ ಬರದಿದ್ದರೆ ಯಾರಿಗೆ ಹೇಳಬೇಕು ಅನ್ನುವುದನ್ನೂ ಬರೆದೆ. ನದಿಯ ಮೇಲೆ ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಇರುವುದಿಲ್ಲ.

ಮಾರ್ಚ್ ಕೊನೆಯ ಶನಿವಾರ. ಮಾಪಕದಲ್ಲಿ 54.6, ಇಳಿಯುತ್ತಿತ್ತು. ಬೆಳಗ್ಗೆ ಒಂಬತ್ತೂವರೆಗೆ ವೈಟ್ ಸ್ಪ್ರಿಂಗ್ಸ್‌ನಲ್ಲಿ ಮೂರು ಕನೂ ನೀರಿಗಿಳಿದವು.

ಸುವಾನಿಯ ನೀರು ಎಂಥದ್ದು ಅಂದರೆ, ನಮ್ಮನೆ ಫಿಲ್ಟರ್‌ನಿಂದ ಇಳಿದ ಡಿಕಾಕ್ಷನ್ ನೋಡಿ, ಹಾಗೆ. ಜೌಗಿನ ಎಲೆ, ತೊಗಟೆಗಳ ಒಗರು ಬಿಟ್ಟುಕೊಂಡು ಕಪ್ಪಾಗಿರುತ್ತದೆ. ಬೊಗಸೆಯಲ್ಲಿ ಹಿಡಿದರೆ ಮಾತ್ರ ಜೇನಿನ ಬಣ್ಣ. ಹುಟ್ಟು ನೀರಿನೊಳಗೆ ಹೋಗುವಾಗ ಮೊದಲು ಹೊಂಬಣ್ಣ, ಆಮೇಲೆ ಕೆಂಪು, ಒಂದು ಮೊಳ ಇಳಿಯುವಷ್ಟರಲ್ಲಿ ಕಾಣುವುದೇ ಇಲ್ಲ. ಒಳಗೆ ಏನಿದೆ ಅಂತ ತಿಳಿಯದ ನೀರು. ಅದಕ್ಕೇ ಕಣ್ಣನ್ನು ದಡದ ಮೇಲೆ, ನೀರಿನ ಮೈಮೇಲೆ ಇಡಬೇಕು.

ಮೊದಲನೆಯದು ಕಂಡದ್ದು ಊಟದ ನಂತರ. ಎಡದಂಡೆಯ ಸುಣ್ಣಕಲ್ಲಿನ ಮೇಲೆ, ಬಿಸಿಲು ಬೀಳುವ ಕಡೆ. ನೋಡಿದ್ದು ಮುಂದಿನ ದೋಣಿಯಲ್ಲಿದ್ದ ಮಗಳು. ಕೂಗಲಿಲ್ಲ, ಹುಟ್ಟು ಅಡ್ಡ ಎತ್ತಿ ಹಿಡಿದಳು. ಹಾಗೇ ಮಾತಾಡಿಕೊಂಡಿದ್ದೆವು. ಮೂರೂ ದೋಣಿ ಬಲದಂಡೆಗೆ ಸರಿದವು. ಅದಕ್ಕೂ ಆಳದ ನೀರಿಗೂ ನಡುವೆ ನಾವು ಬರಬಾರದು, ಅದರ ದಾರಿ ಅದಕ್ಕೆ ಬಿಡಬೇಕು. ಬೈನಾಕ್ಯುಲರ್‌ನಲ್ಲಿ ನೋಡಿದೆ. ಕಣ್ಣಿನಿಂದ ಮೂಗಿನ ಹೊಳ್ಳೆಯವರೆಗೆ ಎಷ್ಟು ಇಂಚೋ ಅಲಿಗೇಟರ್ ಹೆಚ್ಚುಕಡಿಮೆ ಅಷ್ಟು ಅಡಿ ಉದ್ದ ಅನ್ನುವುದು ಇಲ್ಲಿಯವರ ಅಂದಾಜು. ನನ್ನ ಕಣ್ಣಳತೆಗೆ ಏಳು. ಬೆನ್ನಿನ ಗಂಟುಗಳ ಮೇಲೆ ಒಣಗಿದ ಪಾಚಿ ಬೂದಿ ಬಣ್ಣಕ್ಕೆ ತಿರುಗಿತ್ತು. ಮುಂಗಾಲಿನ ಬೆರಳುಗಳನ್ನು ಕಲ್ಲಿನ ಮೇಲೆ ಬಿಡಿಸಿಟ್ಟುಕೊಂಡು ಮಲಗಿತ್ತು, ಮಗು ಅಂಗೈ ಬಿಚ್ಚಿ ಮಲಗುವ ಹಾಗೆ. ನಾವು ಎದುರಿಗೆ ಬಂದಾಗ ತಲೆ ಎತ್ತಿತು. ಜಾರಿ ನೀರಿಗೆ ಹೋಯಿತು. ಒಂದು ಚಿಟುಕು ಸದ್ದು ಇಲ್ಲ. ನೀರು ಮುಚ್ಚಿಕೊಂಡಿತು.

ಐದು ನಿಮಿಷ ಯಾರೂ ಮಾತಾಡಲಿಲ್ಲ.

ಮೂರೂಮುಕ್ಕಾಲಿಗೆ ವುಡ್ಸ್ ಫೆರ್ರಿ. ಊಟ ಆದ ಮೇಲೆ ದಡದ ಎತ್ತರದ ಕಟ್ಟೆಯಲ್ಲಿ ನಿಂತು, ನೀರಿನಿಂದ ತುಂಬಾ ದೂರದಲ್ಲೇ, ಟಾರ್ಚ್ ಬಿಟ್ಟು ನೋಡಿದೆವು. ಆ ಕಡೆ ದಡದ ಕತ್ತಲಲ್ಲಿ ಕೆಂಡದಂಥ ಎರಡು ಚುಕ್ಕೆ. ಗೆಳತಿ ನನ್ನ ಕೈ ಹಿಡಿದುಕೊಂಡಳು. "ಅವನನ್ನ ಕರ್ಕೊಂಡು ಬರದೇ ಇದ್ದದ್ದು ಒಳ್ಳೇದಾಯ್ತು," ಅಂದಳು ಮೆಲ್ಲಗೆ. ನಾಯಿಯ ವಿಷಯ ಅದಾದ ಮೇಲೆ ನಾವು ಮತ್ತೆ ಎತ್ತಿಲ್ಲ.

ಮರುದಿನ ಮಧ್ಯಾಹ್ನ ಎರಡಕ್ಕೆ ಸುವಾನಿ ಸ್ಪ್ರಿಂಗ್ಸ್‌ನ ಹಳೆಯ ಕಲ್ಲುಗೋಡೆ ಕಂಡಿತು. ಗಂಧಕದ ವಾಸನೆ ಅದಕ್ಕೂ ಮೊದಲೇ ಬಂದಿತ್ತು. ಎರಡು ದಿನದಲ್ಲಿ ಕಂಡದ್ದು ಒಟ್ಟು ನಾಲ್ಕು ಅಲಿಗೇಟರ್, ಲೆಕ್ಕ ಇಲ್ಲದಷ್ಟು ಆಮೆಗಳು.

ಸಿಗ್ನಲ್ ಸಿಕ್ಕ ತಕ್ಷಣ ಪಕ್ಕದ ಮನೆಯವರಿಗೆ ಹೇಳಿದೆ. ಆಮೇಲೆ ಊರಿಗೆ. ಅಲ್ಲಿ ರಾತ್ರಿ ಹನ್ನೆರಡರ ಹತ್ತಿರ. ಒಂದೇ ರಿಂಗ್‌ಗೆ ಎತ್ತಿದರು ಅಮ್ಮ. ಮಾತಾಡಲಿಲ್ಲ, ಮೊಮ್ಮಗಳ ಧ್ವನಿ ಕೇಳಬೇಕು ಅಂದರು. ಮಗಳು ನಾಲ್ಕನ್ನೂ ಒಂದೊಂದಾಗಿ ವರ್ಣಿಸಿದಳು. ಪಕ್ಕದಿಂದ ಅಪ್ಪನ ಧ್ವನಿ ಕೇಳಿಸಿತು.

"ನೀರು ಎಷ್ಟಿತ್ತು ಕೇಳು."

"54.6, ತಾತ," ಅಂದಳು ಮಗಳು. "ಇವತ್ತು 54.3. ಇಳೀತಾ ಇದೆ."